ಮಿಷನರಿ ಕುಟುಂಬದ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಮಾನ್ಯ ಸಂಪಾದಕರೇ,

ಧರ್ಮಸೇವೆಗೆಂದು ಆಫ್ರಿಕದ ಹಳ್ಳಿಗಳಿಗೆ ಹೋಗಿ ನೆಲೆಸುವ ನಮ್ಮ ಕಡೆಯ ಕುಟುಂಬಗಳು ಎಳೆಯ ಮಕ್ಕಳನ್ನೂ ಕಟ್ಟಿಕೊಂಡು ಹೋಗುವುದು ಆ ಮಕ್ಕಳಿಗೆ ಬಗೆಯುವ ಅನ್ಯಾಯವೆಂದು ಓದುಗರೊಬ್ಬರು ಇತ್ತೀಚೆಗೆ ನಿಮ್ಮ ಅಂಕಣದಲ್ಲಿ ಬರೆದಿದ್ದರು. ಪತ್ರದ ಧಾಟಿ ಖಾರವಾಗಿತ್ತಾದರೂ ಪ್ರಶ್ನೆ ನ್ಯಾಯವಾದುದೇ. ಸೇವೆಯ ಕರೆ ಬಂದಿರುವುದು ತಂದೆತಾಯಿಗೆ. ಮಕ್ಕಳ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಪಶ್ಚಿಮ ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ದಂಡೆಗೆ ದೂರವಲ್ಲದ ಮಿಷನ್ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದುಕೊಂಡು ಇಬ್ಬರು ಮಕ್ಕಳನ್ನು ಬೆಳೆಸಿ, ಈಗ ಉಡುಪಿ ಜಿಲ್ಲೆಯ ನಮ್ಮೂರಿಗೆ ಮರಳಿರುವ ನಾನು ಇದಕ್ಕೆ ಉತ್ತರ ಕೊಡಬೇಕಾದವರಲ್ಲಿ ಒಬ್ಬಳೆಂದು ತಿಳಿದು ಬರೆಯುತ್ತಿದ್ದೇನೆ. ಮಕ್ಕಳನ್ನು ಕರೆದೊಯ್ಯುವುದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಅವರ ಓದು, ಆರೋಗ್ಯ, ಭಾಷೆ, ಮರಳಿ ಬಂದ ಮೇಲಿನ ದಾರಿ, ಇವುಗಳಲ್ಲಿ ಒಂದನ್ನೂ ಗೊತ್ತುಮಾಡದೆ ಕುಟುಂಬವನ್ನು ವಿಮಾನ ಹತ್ತಿಸುವುದರಲ್ಲಿ ಖಂಡಿತ ಕಾಣುತ್ತದೆ. ಆ ಹೊಣೆ ಹೆತ್ತವರಷ್ಟೇ ಅವರನ್ನು ಕಳುಹಿಸುವ ಸಭೆ (ಅಂದರೆ ಚರ್ಚು), ಸಂಸ್ಥೆಗಳ ಮೇಲೂ ಇದೆ.

ಮಕ್ಕಳನ್ನು ದೂರ ಇಟ್ಟಾಗ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ, ಅದರಲ್ಲಿ ಕೆಲವು ನಮ್ಮ ಕರಾವಳಿಗೇ ಸೇರಿದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 19ನೇ ಶತಮಾನದ ನಡುಭಾಗದಿಂದ ಒಂದು ಕಟ್ಟಳೆಯನ್ನು ಪಾಲಿಸಿತು: ಭಾರತದಲ್ಲಿರಲಿ, ಈಗ ಘಾನಾ ಎನಿಸಿರುವ ಗೋಲ್ಡ್ ಕೋಸ್ಟ್‌ನಲ್ಲಿರಲಿ, ಮಿಷನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ಯುರೋಪಿಗೆ ಮರಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಅವರಿಗೆಂದೇ ಮಕ್ಕಳ ಮನೆಯಿತ್ತು. ಆರೇಳು ವರ್ಷದ ಮಗು ಹಡಗು ಹತ್ತಿತೆಂದರೆ ತಾಯಿಯ ಮುಖವನ್ನು ಮತ್ತೆ ನೋಡುವುದು ಎಷ್ಟೋ ವರ್ಷಗಳ ಮೇಲೆ. ಕೆಲವರ ಪಾಲಿಗೆ ಅದೂ ಇಲ್ಲ. ಇದೇ ಮಿಷನ್ನಿನಲ್ಲಿದ್ದು ಮಲಯಾಳಂ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಕಟ್ಟಳೆ ಬರುವುದಕ್ಕೂ ಮೊದಲೇ ಪುಟ್ಟ ವಯಸ್ಸಿನಲ್ಲಿ ಯುರೋಪಿನಲ್ಲಿ ಉಳಿಯಬೇಕಾಗಿ ಬಂದವರು. ಹೆತ್ತವರಿದ್ದ ನಾಡಿಗೆ ಮರಳಿದ್ದು 1857ರಲ್ಲಿ. ಬಾಸೆಲ್‌ನವರ ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಕಿಟೆಲ್ ಅವರ ನಿಘಂಟು, ಇವನ್ನೆಲ್ಲ ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಹಡಗು ಹತ್ತಿದ ಮಕ್ಕಳ ಮಾತನ್ನು ಮಾತ್ರ ಯಾವ ಸಭೆಯ ಸ್ಮರಣ ಸಂಚಿಕೆಯಲ್ಲೂ ನಾನು ಕಂಡಿಲ್ಲ.

ಅದೇ ಮಿಷನ್ನಿನ ಆಫ್ರಿಕದ ಕೆಲಸದಲ್ಲಿ ಬೇರೊಂದು ದಾರಿಯೂ ಇತ್ತು. ಗೋಲ್ಡ್ ಕೋಸ್ಟ್‌ಗೆ ಹೋದ ಯುರೋಪಿನವರು ಜ್ವರಕ್ಕೆ ಒಬ್ಬರ ಹಿಂದೊಬ್ಬರು ಬಲಿಯಾದ ಮೇಲೆ, 1843ರಲ್ಲಿ, ಅಂದರೆ ಇಲ್ಲಿ ‘ಮಂಗಳೂರ ಸಮಾಚಾರ’ ಹೊರಟ ವರ್ಷವೇ, ಜಮೈಕಾ ಮತ್ತು ಆಂಟಿಗಾ ದ್ವೀಪಗಳ ಮೊರೇವಿಯನ್ ಎಂಬ ಪ್ರಾಟೆಸ್ಟಂಟ್ ಸಭೆಗೆ ಸೇರಿದ ಕಪ್ಪು ಜನಾಂಗದ ಕ್ರೈಸ್ತರನ್ನು, ಅವರಲ್ಲಿ ಹಲವರನ್ನು ಮಕ್ಕಳುಮರಿಗಳ ಸಹಿತ, ಅಕ್ರೊಪಾಂಗ್ ಎಂಬ ಬೆಟ್ಟದ ಊರಿಗೆ ಕರೆತರಲಾಯಿತು. ಆ ಮಕ್ಕಳು ಬೆಳೆದದ್ದು ಅಲ್ಲಿಯೇ. ಆ ಊರಿನ ಸಭೆ ಮತ್ತು ಶಾಲೆ ಬೇರುಬಿಟ್ಟದ್ದರಲ್ಲಿ ಈ ಕುಟುಂಬಗಳ ಪಾಲು ಸಣ್ಣದಲ್ಲ.

ಆಫ್ರಿಕದ ಒಳನಾಡನ್ನು ಸುತ್ತಿದ ಸ್ಕಾಟ್ಲೆಂಡಿನ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಅವರ ಹೆಸರನ್ನು ಬಲ್ಲವರು ಬಹಳ, ಅವರ ಮಕ್ಕಳ ಕಥೆಯನ್ನು ಬಲ್ಲವರು ಕಡಿಮೆ. ಕಲಹಾರಿ ಮರುಭೂಮಿಯಾಚೆಗೆ ಹೆಂಡತಿ ಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಕರೆದೊಯ್ದು, ಜ್ವರ ಬಾಯಾರಿಕೆಗಳಲ್ಲಿ ನರಳಿಸಿ, ಒಂದು ಹಸುಗೂಸನ್ನು ಕಳೆದುಕೊಂಡ ಮೇಲೆ, 1852ರಲ್ಲಿ ಅವರು ಹೆಂಡತಿ ಮೇರಿಯನ್ನೂ ನಾಲ್ವರು ಮಕ್ಕಳನ್ನೂ ಕೇಪ್‌ಟೌನ್‌ನಿಂದ ಬ್ರಿಟನ್ನಿಗೆ ಕಳುಹಿಸಿಕೊಟ್ಟರು. ಮೇರಿಯೇ ಮಿಷನರಿಗಳ ಮಗಳು, ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಕುರುಮಾನ್‌ನಲ್ಲಿ ಬೆಳೆದವಳು. ಬ್ರಿಟನ್ ಆಕೆಗೆ ತವರೂ ಅಲ್ಲ, ನೆಲೆಯೂ ಅಲ್ಲ. ಹಿರಿಯ ಮಗ ರಾಬರ್ಟ್ ಮುಂದೆ ರೂಪರ್ಟ್ ವಿನ್ಸೆಂಟ್ ಎಂಬ ಬೇರೆ ಹೆಸರಿಟ್ಟುಕೊಂಡು ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿ ಸೇರಿ, 1864ರಲ್ಲಿ ಸೆರೆಯಾಳಾಗಿದ್ದಾಗ ಹದಿನೆಂಟರ ಹರೆಯದಲ್ಲಿ ತೀರಿಕೊಂಡ. ಮಕ್ಕಳೊಡನೆ ಆಡಲು ಹೊತ್ತು ತೆಗೆದಿಡಲಿಲ್ಲವೆಂಬ ವಿಷಾದವನ್ನು ಲಿವಿಂಗ್‌ಸ್ಟನ್ ಅವರೇ ಬರೆದುಕೊಂಡಿದ್ದಾರೆ. ಹೀಗಾಗಿ, ಟೀಕಿಸಿದ ಓದುಗರಿಗೆ ನಾನು ಹೇಳಬಯಸುವುದೇನೆಂದರೆ, ಎಲ್ಲಿಗಂದರಲ್ಲಿಗೆ ಎಳೆದೊಯ್ಯುವುದೂ ತಪ್ಪು, ಬೇರೆ ಖಂಡದಲ್ಲಿ ಬಿಟ್ಟು ಹೋಗುವುದೂ ತಪ್ಪು. ಈ ಎರಡರ ನಡುವೆ ಜಾಗವಿದೆ.

ಅಲ್ಲಿಯೇ ಆಫ್ರಿಕದಲ್ಲಿ ವಸತಿ ಶಾಲೆಗೆ ಸೇರಿಸುವುದು ಇಪ್ಪತ್ತನೇ ಶತಮಾನದ ಪರಿಹಾರವಾಗಿತ್ತು. ಕೀನ್ಯಾದ ಕಿಜಾಬೆಯಲ್ಲಿ 1906ರಲ್ಲಿ ಆರಂಭವಾದ ರಿಫ್ಟ್ ವ್ಯಾಲಿ ಅಕಾಡೆಮಿ ಇಂಥ ಶಾಲೆಗಳಲ್ಲಿ ಹೆಸರಾದುದು. 1909ರಲ್ಲಿ ಅದರ ಮುಖ್ಯ ಕಟ್ಟಡಕ್ಕೆ ಅಡಿಗಲ್ಲಿಟ್ಟವರು ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್. ಅಂಥ ಶಾಲೆಗಳಲ್ಲಿ ಓದಿ ಸಂತೋಷದಿಂದ ನೆನೆಯುವವರನ್ನು ನಾನು ಬಲ್ಲೆ. ಆದರೆ ಪಶ್ಚಿಮ ಆಫ್ರಿಕದ ಗಿನಿ ದೇಶದ ಮಾಮೂ ಎಂಬಲ್ಲಿ ಮಿಷನರಿಗಳ ಮಕ್ಕಳಿಗೆಂದು ನಡೆಯುತ್ತಿದ್ದ ವಸತಿ ಶಾಲೆಯಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳನ್ನು 1998ರಲ್ಲಿ ಸ್ವತಂತ್ರ ತನಿಖಾ ಆಯೋಗವೊಂದು ಬಯಲಿಗೆ ತಂದಿತು. ಆ ಶಾಲೆ ಮುಚ್ಚಿದ್ದು 1971ರಲ್ಲಿ. ಇಷ್ಟು ವರ್ಷ ಆ ಮಕ್ಕಳು ಬಾಯಿ ಬಿಡಲಾರದೆ ಹೋದರೇಕೆ? ದೂರು ಹೇಳಿದರೆ ಅಪ್ಪ ಅಮ್ಮನ ಸೇವೆಗೆ, ಅಂದರೆ ದೇವರ ಕೆಲಸಕ್ಕೇ ಅಡ್ಡಿ ಬರುತ್ತದೆಂಬ ಹೆದರಿಕೆ ಇಂಥ ಮಕ್ಕಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಮಿಷನರಿ ಮನೆಯ ಮಗುವಿನ ಮೇಲಿರುವ ಈ ಭಾರ ಬ್ಯಾಂಕಿನ ಅಧಿಕಾರಿಯ ಅಥವಾ ಎಂಜಿನಿಯರ್‌ನ ಮಗುವಿನ ಮೇಲೆ ಇರುವುದಿಲ್ಲ.

ನಮ್ಮ ಮಕ್ಕಳನ್ನು ನಾವು ಊರಿನ ಶಾಲೆಗೇ ಸೇರಿಸಿದೆವು. ಭಾರತದಿಂದ ಹೋದವರಿಗೆ ಸಿಗುವ ಭತ್ಯೆಯಲ್ಲಿ ದೊಡ್ಡ ವಸತಿ ಶಾಲೆಗಳ ಶುಲ್ಕ ಭರಿಸಲಾಗುವುದಿಲ್ಲವೆಂಬುದು ಒಂದು ಕಾರಣ. ಭರಿಸಲಾಗಿದ್ದರೂ ಕಳುಹಿಸುತ್ತಿರಲಿಲ್ಲವೆಂಬುದು ಇನ್ನೊಂದು. ಅಲ್ಲಿಯ ಶಾಲೆಯ ವರ್ಷ ಜನವರಿಯಲ್ಲಿ ಆರಂಭವಾಗುತ್ತದೆ, ಮೂರು ಅವಧಿಗಳಲ್ಲಿ ಸಾಗುತ್ತದೆ. ಪಾಠ ಇಂಗ್ಲಿಷಿನಲ್ಲಿ, ಜೊತೆಗೆ ಸ್ವಾಹಿಲಿ. ಆಟದ ಬಯಲಿನಲ್ಲಿ ಅಲ್ಲಿಯ ಲುವೊ ಜನರ ಧೊಲುವೊ ಭಾಷೆ. ಮಧ್ಯಾಹ್ನಕ್ಕೆ ಮೆಕ್ಕೆಜೋಳ, ಬೀನ್ಸ್ ಕಾಳು ಬೇಯಿಸಿದ ಗಿಥೆರಿ. ಸರೋವರದ ಒಮೆನ ಎಂಬ ಸಣ್ಣ ಒಣಮೀನನ್ನು ಕರಾವಳಿಯ ಮಕ್ಕಳಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಮನೆಯಲ್ಲಿ ತುಳು, ಕುಟುಂಬ ಪ್ರಾರ್ಥನೆಯಲ್ಲಿ ಮತ್ತು ಬೈಬಲ್ ಓದಿನಲ್ಲಿ ಕನ್ನಡ: ನಮ್ಮ ಕಡೆಯ ಸಭೆಗಳ ಹಳೆಯ ಪದ್ಧತಿಯೇ ಅಲ್ಲಿಯೂ ನಡೆಯಿತು. ಐದು ಭಾಷೆಗಳಲ್ಲಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆಂದು ಹೆದರಿಸಿದವರಿದ್ದರು. ಯಾರೊಡನೆ ಯಾವ ಮಾತೆಂಬುದರಲ್ಲಿ ಮಕ್ಕಳು ನಮಗಿಂತ ಚುರುಕು. ಕಷ್ಟವಾದದ್ದು ಕನ್ನಡದ ಬರವಣಿಗೆ. ಒತ್ತಕ್ಷರ ಕಲಿಯುವುದಕ್ಕೆ ದಿನವೂ ಕೂರಿಸಿ ಅಭ್ಯಾಸ ಮಾಡಿಸಬೇಕು, ಆಸ್ಪತ್ರೆಯ ಪಾಳಿ ಮುಗಿಸಿ ಬಂದ ತಾಯಿಗೆ ಅಷ್ಟು ಕಸುವು ಎಲ್ಲ ದಿನವೂ ಇರುವುದಿಲ್ಲ.

ಆರೋಗ್ಯದ ವಿಷಯದಲ್ಲಿ ದಾದಿಯಾಗಿ ಒಂದು ಮಾತು. ಸರೋವರದ ಸುತ್ತಲಿನ ಪ್ರದೇಶ ಮಲೇರಿಯಾದ ತವರು. ಮಕ್ಕಳಿಗೆಂದು ರೂಪಿಸಿದ ಮಲೇರಿಯಾ ಲಸಿಕೆಯನ್ನು 2019ರಲ್ಲಿ ಮೊದಲ ಹಂತವಾಗಿ ಮಲಾವಿ, ಘಾನಾ ಮತ್ತು ಪಶ್ಚಿಮ ಕೀನ್ಯಾದ ಕೆಲವು ಭಾಗಗಳಲ್ಲಿ ಕೊಡಲಾರಂಭಿಸಿದರು, 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ವ್ಯಾಪಕ ಬಳಕೆಗೆ ಶಿಫಾರಸು ಮಾಡಿತು. ಅದು ಎಳೆ ಕೂಸುಗಳಿಗೆ. ನಮ್ಮ ಮಕ್ಕಳು ಆ ವಯಸ್ಸನ್ನು ದಾಟಿದ್ದರು. ಅವರಿಗೆ ಜ್ವರ ಬಂದಾಗ ಬೆರಳಿನ ರಕ್ತ ಪರೀಕ್ಷೆಯೂ ಮಾತ್ರೆಯೂ ಅರ್ಧ ಗಂಟೆಯೊಳಗೆ ಸಿಗುತ್ತಿದ್ದವು, ಏಕೆಂದರೆ ತಾಯಿಯ ಕೈಯಲ್ಲೇ ಔಷಧಿಯ ಬೀರುವಿನ ಬೀಗದ ಕೈಯಿತ್ತು. ಬೆನ್ನಿಗೆ ಕಟ್ಟಿಕೊಂಡ ಮಗುವನ್ನು ಬಹುದೂರದಿಂದ ನಡೆದು ತರುತ್ತಿದ್ದ ತಾಯಂದಿರನ್ನು ಕಂಡ ಮೇಲೆ, ‘ನಿಮ್ಮ ಮಕ್ಕಳಿಗೆ ಅಪಾಯವಲ್ಲವೇ’ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ತೋಚುತ್ತಿರಲಿಲ್ಲ. ಹೌದು, ಅಪಾಯವಿತ್ತು. ಅಲ್ಲಿದ್ದ ಮಕ್ಕಳಲ್ಲಿ ಅತಿ ಕಡಿಮೆ ಅಪಾಯವಿದ್ದದ್ದು ಅವರಿಗೇ.

ಈ ಅಂತರ ಮಕ್ಕಳ ಕಣ್ಣಿಗೆ ಬೀಳದೆ ಇರುವುದಿಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಮಲೇರಿಯಾಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಮಿಷನ್ ಕಾಂಪೌಂಡಿನಲ್ಲಿ ನೀರಿನ ಟ್ಯಾಂಕು, ಜನರೇಟರು, ಕಾವಲುಗಾರ, ಮನೆಗೆಲಸದವರು; ಬೇಲಿಯಾಚೆಗೆ ಕೊಡ ಹೊತ್ತು ನಡೆಯುವ ಸಹಪಾಠಿ. ಇದು ಲೋಕದ ಸಹಜ ಕ್ರಮವೆಂದು ಮಗು ತಿಳಿದುಕೊಂಡರೆ, ಅಪ್ಪ ಭಾನುವಾರ ಬೋಧಿಸುವ ಸಮಾನತೆಯ ಮಾತು ಅದರ ಕಿವಿಗೆ ಬರಿಯ ಸದ್ದು. ಭಾರತೀಯ ಮಕ್ಕಳಿಗೆ ಇನ್ನೊಂದು ತೊಡಕಿದೆ. 1901ರಲ್ಲಿ ಮೊಂಬಾಸದಿಂದ ಸರೋವರದವರೆಗೆ ರೈಲು ಬಂದ ಕಾಲದಿಂದಲೂ ಅಲ್ಲಿ ಭಾರತೀಯನೆಂದರೆ ಪೇಟೆಯ ಅಂಗಡಿಯವನು, ಧಣಿ. ಮಿಷನರಿ ಎಂದರೆ ಬಿಳಿಯ. ಇವೆರಡೂ ಅಲ್ಲದ ನಮ್ಮ ಮಕ್ಕಳು ಎಲ್ಲಿ ಸಲ್ಲುತ್ತಾರೆಂದು ಊರವರಿಗೂ ತಿಳಿಯುತ್ತಿರಲಿಲ್ಲ, ಕೆಲವೊಮ್ಮೆ ಮಕ್ಕಳಿಗೂ. ಅವರು ಅಲ್ಲಿಯ ಮಕ್ಕಳ ಮನೆಯಲ್ಲಿ ಉಂಡು, ಅಲ್ಲಿಯ ಅಜ್ಜಿಯರಿಂದ ಗದರಿಸಿಕೊಂಡು ಬೆಳೆದದ್ದರಿಂದ ಈ ತೊಡಕು ತಕ್ಕಮಟ್ಟಿಗೆ ಸಡಿಲವಾಯಿತು. ಬೆಂಬಲಿಗರಿಗೆ ಕಳುಹಿಸುವ ಪ್ರಾರ್ಥನಾ ಪತ್ರಗಳಲ್ಲಿ ನೆರೆಯ ಮಕ್ಕಳ ಹರಕು ಅಂಗಿಯ ಚಿತ್ರ ಹಾಕಬಾರದೆಂದು ನಮ್ಮ ಮನೆಯಲ್ಲಿ ನಿಯಮವಿತ್ತು. ತನ್ನ ಗೆಳೆಯನ ಬಡತನವನ್ನು ತೋರಿಸಿ ಅಪ್ಪ ಹಣ ಕೇಳುತ್ತಾನೆಂದು ಮಗು ಕಂಡುಕೊಳ್ಳುವುದು ಒಳ್ಳೆಯದಲ್ಲ.

ಇನ್ನು ರಜೆಯಲ್ಲಿ ಊರಿಗೆ ಬಂದಾಗಿನ ವಿಚಾರ. ಸಭೆಯಿಂದ ಸಭೆಗೆ ಹೋಗಿ ವರದಿ ಒಪ್ಪಿಸುವುದು ಮಿಷನರಿಯ ಕರ್ತವ್ಯ, ಮಕ್ಕಳದಲ್ಲ. ಆದರೆ ಅವರನ್ನು ವೇದಿಕೆಗೆ ಹತ್ತಿಸಿ, ‘ಆಫ್ರಿಕದ ಹಾಡೊಂದು ಹಾಡಿ ಮಗೂ’ ಎನ್ನುವುದು, ಅಲ್ಲಿ ಸಿಂಹವಿದೆಯೇ, ಜನ ಬಟ್ಟೆ ತೊಡುತ್ತಾರೆಯೇ ಎಂದು ಧ್ವನಿವರ್ಧಕದಲ್ಲಿ ಕೇಳಿ ನಗುವುದು ಎಷ್ಟೋ ಕಡೆ ನಡೆಯುತ್ತದೆ. ಹೈಸ್ಕೂಲಿನ ಹುಡುಗನಿಗೆ ಇದು ಹಿಂಸೆ. ತನ್ನ ಗೆಳೆಯರ ಕುರಿತು ಅಜ್ಜನ ಊರಿನವರೇ ಹೀಗೆ ನಗುವುದನ್ನು ಕಂಡ ಮಗು ಮುಂದಿನ ರಜೆಗೆ ಬರಲು ಒಲ್ಲೆನೆಂದರೆ ಆಶ್ಚರ್ಯಪಡಬೇಕಿಲ್ಲ.

ಹೆಚ್ಚಿನ ತೊಂದರೆ ಕಾಗದ ಪತ್ರಗಳಲ್ಲಿದೆ, ಅದನ್ನು ಮೊದಲೇ ಹೇಳುವವರಿಲ್ಲ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಕೀನ್ಯಾದ ಸಂವಿಧಾನವೂ ಕೇವಲ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದಿಲ್ಲ. ನೈರೋಬಿಗೆ ದಿನವಿಡೀ ಪ್ರಯಾಣ ಮಾಡಬೇಕಾದ ಹಳ್ಳಿಯಲ್ಲಿ, ಹೆರಿಗೆಯಾದ ತಾಯಿ ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಾ ಹೋದರೆ ಮಗು ಯಾವ ದೇಶದ ಪ್ರಜೆಯೂ ಅಲ್ಲದೆ ಉಳಿಯಬಹುದು. ಮರಳಿ ಬರುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕ ವಾಸಕ್ಕೆ ಹೋಗಬೇಕಾಗುತ್ತದೆ. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಆ ಪತ್ರಕ್ಕೆ ಬೆಲೆ. ನವೆಂಬರ್‌ನಲ್ಲಿ ಅಲ್ಲಿ ತರಗತಿ ಮುಗಿಸಿ ಬಂದವರಿಗೆ ಇಲ್ಲಿ ಶಾಲೆ ತೆರೆಯುವುದು ಜೂನ್ ಹೊತ್ತಿಗೆ.

ಇವೆಲ್ಲವನ್ನೂ ದಾಟಿದ ಮೇಲೆ ಕನ್ನಡದ ಪ್ರಶ್ನೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೆಯ ಭಾಷೆಯಾಗಿರಬೇಕು, ಇದು ಸರಿಯಾದ ಕಾನೂನು. ಎಂಟನೇ ತರಗತಿಗೆ ಬಂದು ಸೇರಿದ ನನ್ನ ಮಗನಿಗೆ ವಿನಾಯಿತಿ ಕೊಡಿಸಿರೆಂದು ಕೆಲವರು ಸಲಹೆಯಿತ್ತರು, ನಾವು ಕೇಳಲಿಲ್ಲ. ಹೊರಗಿನಿಂದ ಮರಳುವ ಮಕ್ಕಳಿಗೆ ವಿನಾಯಿತಿಗಿಂತ ಬೇಕಾದದ್ದು ಒಂದು ವರ್ಷದ ಸೇತು ಪಾಠ: ಮಾತು ಬಲ್ಲ, ಲಿಪಿಯಲ್ಲಿ ಎಡವುವ ಮಗುವಿಗೆ ತಕ್ಕಂಥದ್ದು. ಇದು ಮಿಷನರಿ ಮಕ್ಕಳಿಗಷ್ಟೇ ಅಲ್ಲ, ಕೊಲ್ಲಿ ದೇಶಗಳಿಂದ ಮರಳುವ ಕರಾವಳಿಯ ನೂರಾರು ಕುಟುಂಬಗಳಿಗೂ ಉಪಕಾರವಾಗುತ್ತದೆ. ಶಿಕ್ಷಣ ಇಲಾಖೆಗೆ ಸಾಧ್ಯವಾಗದಿದ್ದರೆ ಸಭೆಗಳೇ ನಡೆಸಲಿ. ನಮ್ಮ ಸಂಡೇ ಸ್ಕೂಲುಗಳ ಕೊಠಡಿಗಳು ವಾರದಲ್ಲಿ ಆರು ದಿನ ಖಾಲಿಯೇ ಇರುತ್ತವೆ.

ಕಳುಹಿಸುವ ಸಭೆಗಳು ಮತ್ತು ಸಂಸ್ಥೆಗಳಲ್ಲಿ ನನ್ನ ಕೋರಿಕೆ ಇಷ್ಟು. ಏಪ್ರಿಲ್‌ನಿಂದ ಶುರುವಾಗುವ ಲೆಕ್ಕ ವರ್ಷಕ್ಕೆ ಮಿಷನ್ ಸಮಿತಿಗಳು ಅಂದಾಜು ತಯಾರಿಸುವಾಗ ಜೀಪು, ಮೋಟಾರ್ ಸೈಕಲ್ಲು, ಪ್ರಾರ್ಥನಾಲಯದ ತಗಡಿನ ಛಾವಣಿಗೆ ಹಣ ಕಾಣಿಸುವಂತೆ ಮಕ್ಕಳ ಹೆಸರಿನಲ್ಲೂ ಒಂದು ಕಲಮು ಇರಲಿ: ಶಾಲಾ ಶುಲ್ಕ, ಕನ್ನಡ ಪುಸ್ತಕಗಳು, ದೂತಾವಾಸಕ್ಕೆ ಹೋಗಿಬರುವ ಖರ್ಚು, ಮರಳಿದ ಮೊದಲ ವರ್ಷದ ಓದು. ಕುಟುಂಬದೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ, ಹಿರಿಯ ಮಗು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಲ್ಲಿಯೇ ಮುಂದುವರಿಯಬೇಕೋ ಮರಳಬೇಕೋ ಎಂಬುದನ್ನು ಮರುಪರಿಶೀಲಿಸುವ ಷರತ್ತು ಬರೆದಿಡಿ; ಆಗ ಮರಳಿ ಬರುವವರನ್ನು ಸೇವೆಯಿಂದ ಓಡಿಬಂದವರೆಂದು ಯಾರೂ ಕಾಣುವಂತಿಲ್ಲ. ಆ ಪರಿಶೀಲನೆಗೆ ಕುಳಿತಾಗ ಮಗುವನ್ನೂ ಕರೆದು, ಹೆತ್ತವರು ಎದುರಿಗಿಲ್ಲದಂತೆ, ಅದರ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ. ಒಪ್ಪಂದದ ಒಂದು ಪ್ರತಿಯನ್ನು ಮಗುವಿಗೆ ಓದಲು ಬರುವ ಭಾಷೆಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಇಂತಿ,
ಕೀನ್ಯಾದಿಂದ ಮರಳಿದ ಒಬ್ಬ ತಾಯಿ
ಉಡುಪಿ ಜಿಲ್ಲೆ