ಮಳೆಗಾಲಕ್ಕೆ ಮುಂಚೆ ಒಂದು ವಿನಂತಿ

ಗುಂಪಿನ ಎಲ್ಲರಿಗೂ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ದಿನಗೂಲಿಗೆ ದುಡಿಯುವವರಿಗೆ, ಮೀನು ಮಾರುವ ಹೆಂಗಸರಿಗೆ ಈ 61 ದಿನ ಕೈ ಬಿಗಿ. ಅದಕ್ಕೇ ಈ ಸೂಚನೆ.

ಬೈಬಲಿನಲ್ಲಿ ಅಪೊಸ್ತಲ ಪೌಲ ತೀತನಿಗೆ ಬರೆದ ಪತ್ರದ 3ನೇ ಅಧ್ಯಾಯವನ್ನು ಈ ವಾರ ಮನೆಯವರೆಲ್ಲ ಕೂತು ಓದಿ. ನಾವು ಮಾಡಿದ ಪುಣ್ಯದಿಂದಲ್ಲ, ದೇವರ ಕರುಣೆಯಿಂದ ರಕ್ಷಣೆ ಸಿಕ್ಕಿತು ಎಂದು 5ನೇ ವಚನದಲ್ಲಿ ಪೌಲ ಹೇಳುತ್ತಾನೆ. 14ನೇ ವಚನಕ್ಕೆ ಬರುವಾಗ, ನಮ್ಮವರು ಒಳ್ಳೆಯ ಕೆಲಸ ಮಾಡಲು ಕಲಿಯಲಿ, ತುರ್ತಿಗೆ ಒದಗಲಿ, ಫಲವಿಲ್ಲದೆ ಇರಬಾರದು ಎನ್ನುತ್ತಾನೆ. ಇವೆರಡಕ್ಕೂ ಜಗಳವಿಲ್ಲ. ಸ್ವರ್ಗಕ್ಕಾಗಿ ಪುಣ್ಯದ ಲೆಕ್ಕ ಇಡುವ ಚಿಂತೆ ನಮಗಿಲ್ಲ, ಅಲ್ವಾ? ಹಾಗಿದ್ದ ಮೇಲೆ ಪಕ್ಕದ ಮನೆಯ ಕಷ್ಟ ನೋಡಲು ಮನಸ್ಸು ಬಿಡುವಾಗಿದೆ.

ಬೈಬಲಿನಲ್ಲಿ ಬರುವ ಯೊಪ್ಪವೂ ಕಾರವಾರದ ಹಾಗೆ ಕಡಲ ಊರು. ಅಲ್ಲಿ ದೊರ್ಕ ಎಂಬಾಕೆ ವಿಧವೆಯರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದಳು (ಅಪೊಸ್ತಲರ ಕೃತ್ಯಗಳು, 9ನೇ ಅಧ್ಯಾಯ). ಆಕೆ ಬೋಧನೆ ಮಾಡಿದಳೆಂದು ಅಲ್ಲಿ ಬರೆದಿಲ್ಲ. ಕೈಯಲ್ಲಿದ್ದ ಕೆಲಸವನ್ನೇ ಕೊಟ್ಟಳು. ನನಗೆ ಇದು ತುಂಬಾ ಧೈರ್ಯ ಕೊಡುವ ಮಾತು.

ಹೊಲಿಗೆ ಬಲ್ಲವರು ಮಕ್ಕಳ ಯೂನಿಫಾರ್ಮ್ ಸರಿಮಾಡಿ ಕೊಡಬಹುದು. ಬೈಕ್ ಇರುವವರು ಒಂಟಿಯಾಗಿರುವ ಹಿರಿಯರಿಗೆ ಔಷಧಿ ತಂದುಕೊಡಬಹುದು. ಮಾಡು ಸೋರುವ ಮನೆಗೆ ತಾಡಪತ್ರಿ ಬೇಕು, ಹೊದಿಸಲು ಜನವೂ ಬೇಕು. ಯಾವ ಜಾತಿ, ಯಾವ ಧರ್ಮ ಎಂದು ಕೇಳುವುದು ಬೇಡ. ಸಹಾಯ ಪಡೆದವರ ಫೋಟೋ ದಯವಿಟ್ಟು ಇಲ್ಲಿ ಹಾಕಬೇಡಿ, ಅವರಿಗೂ ಮರ್ಯಾದೆ ಇದೆ.

ನಿಮ್ಮಿಂದ ಏನಾಗುತ್ತದೆ ಎಂದು ಭಾನುವಾರದೊಳಗೆ ಇಲ್ಲೇ ಬರೆಯಿರಿ. ಕಷ್ಟದಲ್ಲಿರುವ ಮನೆಯ ವಿಷಯ ಮಾತ್ರ ನನಗೆ ಪ್ರತ್ಯೇಕವಾಗಿ ತಿಳಿಸಿ.