ಬರ್ಕೊಂಡೋಗಿ ಏನ್ ಮಾಡ್ತೀರಾ?

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ಗುರುವಾರ ಬಂತು. ಹಾಸ್ಟೆಲ್ಲಿನ ಊಟ, ಪರೀಕ್ಷೆ, ಅದೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದ. ಅದನ್ನು ಬಿಡು. ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, ಆ ಮಾತು ಮೂರು ದಿನದಿಂದ ತಲೆಯಲ್ಲೇ ಕೂತಿದೆ.

ಮೈಸೂರಿನ ಪೌರಕಾರ್ಮಿಕರ ಬೀದಿಯಲ್ಲಿ ನೀವು ಪ್ರಶ್ನೆಪಟ್ಟಿ ಹಿಡಿದು ಕೂತಿದ್ದಾಗ ಒಬ್ಬ ಅಜ್ಜಿ, "ಇದನ್ನೆಲ್ಲ ಬರ್ಕೊಂಡೋಗಿ ಏನ್ ಮಾಡ್ತೀರಪ್ಪ?" ಅಂದರು. ನಿಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. "ಅವರ ಕಷ್ಟ ನಮಗೆ ಅಂಕ ಆಗುತ್ತೆ ಅತ್ತೆ, ಅಷ್ಟೇ. ಮುಂದಿನ ವಾರ ನಾನು ಹೋಗಲ್ಲ. ಮುಖ ತೋರಿಸೋಕೆ ನಾಚಿಕೆ" ಅಂತ ಬರೆದಿದ್ದೀಯ.

ಆ ಮಾತು ನಾನೂ ಕೇಳಿದ್ದೇನೆ ಮಗಾ. 1991ರಲ್ಲಿ. ಹೆಚ್ಚೂಕಮ್ಮಿ ಅದೇ ಪದಗಳು.

ಆಗ ನಾನು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಮೇಷ್ಟ್ರುಗಳನ್ನೆಲ್ಲ ಜನಗಣತಿಗೆ ಹಾಕಿದ್ದರು. ನಾವು ಹುಟ್ಟಿ ಬೆಳೆದದ್ದು ಕೆ.ಆರ್.ಎಸ್. ಅಣೆಕಟ್ಟಿನ ನೀರು ಹರಿಯುವ ವಿ.ಸಿ. ನಾಲೆಯ ಮಗ್ಗುಲಲ್ಲಿ. ಭತ್ತ, ಕಬ್ಬು, ವರ್ಷವಿಡೀ ಹಸಿರು. ಮಂಡ್ಯ ಅಂದರೆ ಎಲ್ಲಾ ಕಡೆ ಹೀಗೇ ಅಂದುಕೊಂಡಿದ್ದೆ. ಆ ಹಳ್ಳಿ ನಾಲೆಯ ಕೊನೇ ಭಾಗದಲ್ಲಿತ್ತು. ಅಲ್ಲಿಗೆ ನೀರು ತಲುಪಿದರೆ ಪುಣ್ಯ. ಒಂದೇ ಅಣೆಕಟ್ಟಿನ ನೀರು, ಒಂದೇ ಜಿಲ್ಲೆ. ಆದರೂ ಅಲ್ಲಿ ಹೋಗಿ ನೋಡುವವರೆಗೆ ನನಗೆ ಗೊತ್ತಿರಲಿಲ್ಲ.

ಊರಿನ ಮನೆಗಳೆಲ್ಲ ಮುಗಿದ ಮೇಲೆ ಕೇರಿಗೆ ಹೋದೆ. ಫೆಬ್ರವರಿಯ ಬಿಸಿಲು. ಒಬ್ಬ ಹೆಂಗಸು ಚಾಪೆ ಹಾಸಿ ಕೂರಿಸಿದಳು. ಗಂಡ ತೀರಿ ಎರಡು ವರ್ಷವಾಗಿತ್ತು. ಇಬ್ಬರು ಮಕ್ಕಳು. ದೊಡ್ಡವಳು ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದಳು. ನಮ್ಮ ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು, ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಕೆಲಸ ಇತ್ತಾ ಅಂತ. ಕೇಳಿದೆ. "ನಾಲೇಲಿ ನೀರು ಬಂದ್ರೆ ಕೂಲಿ, ಇಲ್ದಿದ್ರೆ ಇಲ್ಲ. ಅದ್ಯಾರು ಲೆಕ್ಕ ಇಟ್ಟವ್ರೆ ಮೇಡಮ್ಮೋರೆ" ಅಂದಳು. ಏನೋ ಒಂದು ಬರೆದುಕೊಂಡೆ. ಆಗ ಕೇಳಿದಳು, "ಇದ ಬರ್ಕೊಂಡೋಗಿ ಏನ್ ಮಾಡೀರವ್ವ?"

ಆಮೇಲೆ ಒಳಗಿನಿಂದ ಒಂದು ಚೊಂಬು ನೀರು ತಂದಿಟ್ಟಳು. "ಒಸಿ ನೀರು ಕುಡೀರಿ" ಅಂದಳು. ನಾನು, "ಈಗ ತಾನೇ ಕುಡಿದು ಬಂದೆ" ಅಂದೆ.

ಸುಳ್ಳು. ಗಂಟಲು ಒಣಗಿತ್ತು.

ಇದನ್ನು ನಾನು ನಿಮ್ಮ ಮಾವನಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೇಗೆ ಬೆಳೆಸಿದರೋ ಹಾಗೆ ಕೈ ತಾನೇ ಹಿಂದೆ ಸರಿಯಿತು. ಅವಳು ಏನೂ ಅನ್ನಲಿಲ್ಲ. ಚೊಂಬನ್ನು ಹಾಗೇ ಪಕ್ಕಕ್ಕೆ ಇಟ್ಟಳು. ನನಗೆ ಎಷ್ಟು ಕಸಿವಿಸಿ ಆಯಿತೆಂದರೆ, ಅದನ್ನು ಮುಚ್ಚೋಕೆ, "ವಿಧವಾ ವೇತನಕ್ಕೆ ಅರ್ಜಿ ಬರೆದುಕೊಡ್ತೀನಿ, ಮುಂದಿನ ವಾರ ಬರ್ತೀನಿ" ಅಂದುಬಿಟ್ಟೆ. ಅವಳ ಮುಖ ಅರಳಿತು. ಅದೇ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಹೋಗಲಿಲ್ಲ ಪುಟ್ಟಾ. ಮರೆತೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಅರ್ಜಿಯನ್ನೂ ತಂದಿಟ್ಟಿದ್ದೆ. ಹೋದರೆ ಮತ್ತೆ ನೀರು ಕೊಡುತ್ತಾಳೆ, ಏನು ಮಾಡಲಿ ಅನ್ನೋ ನಾಚಿಕೆ. ಒಂದು ವಾರ ತಡವಾಯಿತು, ಆಮೇಲೆ ತಡವಾಯಿತಲ್ಲ ಅನ್ನೋ ನಾಚಿಕೆ. ಎರಡು ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕಳು. "ಚೆನ್ನಾಗಿದ್ದೀರಾ ಮೇಡಮ್ಮೋರೆ?" ಅಂದಳು. ಅರ್ಜಿಯ ಮಾತೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ನಿನ್ನ ಪತ್ರ ಓದಿ ನಿದ್ದೆ ಬರಲಿಲ್ಲ. ನಾಚಿಕೆ ಆಯಿತು ಅಂದೆಯಲ್ಲ, ಅದು ನನಗೆ ಸಂತೋಷವೇ. ಆಗದಿದ್ದರೆ ಹೆದರುತ್ತಿದ್ದೆ. ಆದರೆ "ಹೋಗಲ್ಲ" ಅಂದೆ ನೋಡು, ಅದು ಬೇಡ. ನಾಚಿಕೆ ಅಂತ ಮನೆಯಲ್ಲಿ ಕೂತರೆ ನಿನ್ನ ಮನಸ್ಸಿಗೆ ಹಗುರ ಆಗಬಹುದು. ಆ ಅಜ್ಜಿಗೆ ಏನು ಬಂತು?

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಾಗ ನಾನು ಪೇಪರ್ ಓದಿ ಎಷ್ಟು ಹೆಮ್ಮೆಪಟ್ಟೆ. ಅರಮನೆ, ಸಾಲುಮರ, ಅಗಲವಾದ ರಸ್ತೆ ನೆನಪಾದವು. ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿದವರು ನೆನಪಾಗಲಿಲ್ಲ. ಅವರ ಬೀದಿ ಹೇಗಿದೆ ಅಂತ ನನಗೆ ಗೊತ್ತಾಗಿದ್ದು ನಿನ್ನ ಪತ್ರದಿಂದ. ಅಂದರೆ ಬರೆದುಕೊಂಡು ಬಂದಿದ್ದು ಪೂರ್ತಿ ದಂಡವಲ್ಲ, ಅಲ್ವಾ? ಇದು ಅಜ್ಜಿಗೆ ಉತ್ತರ ಅಂತ ಹೇಳುತ್ತಿಲ್ಲ. ಉತ್ತರ ನನಗೂ ಗೊತ್ತಿಲ್ಲ.

ನಿಮ್ಮ ಪಾಠದಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬರುತ್ತಾರೆ ಅಂದಿದ್ದೆಯಲ್ಲ. ಮೈಸೂರಿನಲ್ಲೇ ಹುಟ್ಟಿದವರು. 1948ರಲ್ಲಿ ಹತ್ತಿರದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದರು, ಊರ ಮುಖಂಡರ ಆಸರೆಯಲ್ಲಿ. ಹಾಗಾಗಿ ಮೇಲುಜಾತಿಯವರ ಕಣ್ಣಿನಿಂದಲೇ ಊರನ್ನು ಜಾಸ್ತಿ ನೋಡಿದೆ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಅಷ್ಟು ದೊಡ್ಡವರಿಗೇ ಹಾಗಾಯಿತು. ಆದರೆ 1952ರಲ್ಲಿ ಅದೇ ಊರಿಗೆ ಮತ್ತೆ ಹೋದರು. ನನ್ನ ಮನಸ್ಸಿಗೆ ಹಿಡಿಸಿದ್ದು ಅದೊಂದೇ.

ಬುದ್ಧಿ ಹೇಳುವ ಯೋಗ್ಯತೆ ನನಗೆ ಎಷ್ಟಿದೆಯೋ. ಆದರೂ ತೋಚಿದ್ದು ಬರೆಯುತ್ತೇನೆ. ಆಗದ್ದನ್ನು ಮಾಡಿಕೊಡ್ತೀನಿ ಅನ್ನಬೇಡ. ಅಜ್ಜಿಗೆ 65 ತುಂಬಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯಾ ಕೇಳು. ಬರುತ್ತಿಲ್ಲ ಅಂದರೆ ನಾಡಕಚೇರಿಗೆ ಜೊತೆಯಲ್ಲಿ ಹೋಗು. ಅರ್ಜಿ ಬರೆದು ಕೈಗೆ ಕೊಟ್ಟು ಬರಬೇಡ, ಜೊತೆಯಲ್ಲೇ ಹೋಗು. ಅಲ್ಲಿನ ಮಕ್ಕಳು ಪಿಯುಸಿ ಓದುತ್ತಿದ್ದರೆ ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕಾಗುತ್ತೆ. ಎಷ್ಟೋ ಜನ ಅದಕ್ಕಾಗಿ ಕೊನೇ ದಿನ ಓಡಾಡಿ ವಿದ್ಯಾರ್ಥಿವೇತನವನ್ನೇ ಕಳೆದುಕೊಳ್ಳುತ್ತಾರೆ. ನೀನು ಎನ್ನೆಸ್ಸೆಸ್ಸಿನಲ್ಲಿ ಇದ್ದೀಯಲ್ಲ, ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು ಅಂತಾರೆ. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋ ಬದಲು ಆ ಗಂಟೆಗಳನ್ನು ಆ ಬೀದಿಗೇ ಕೊಡೋಕೆ ಆಗುತ್ತಾ ಅಂತ ನಿಮ್ಮ ಮೇಷ್ಟ್ರನ್ನು ಕೇಳಿ ನೋಡು. ಆಗಲ್ಲ ಅಂದರೆ ಸುಮ್ನೆ ಭಾನುವಾರ ಹೋಗಿ ಬಾ.

ಮತ್ತೆ ಅವರ ಬಗ್ಗೆ ಏನು ಬರೆದಿದ್ದೀಯೋ ಅದನ್ನು ಅವರಿಗೇ ಓದಿ ಹೇಳು. ತಪ್ಪಿದ್ದರೆ ತಿದ್ದುತ್ತಾರೆ. ನಾನು ಬರೆದ ಆ ನಮೂನೆಯನ್ನು ಅವಳಿಗೆ ಓದಿ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಈಗ ಆ ಹಳ್ಳಿಗೆ ಹೋಗಿ ಹುಡುಕಬೇಕು ಅಂತ ಆಗಾಗ ಅನ್ನಿಸುತ್ತೆ. ಮಂಡ್ಯದಿಂದ ಬಸ್ಸಿದೆ. ಮಂಡಿ ನೋವು ಒಂದು ನೆಪ. ನೀನು ರಜಕ್ಕೆ ಬಂದಾಗ ನನ್ನ ಜೊತೆ ಬರ್ತೀಯಾ? ಒಬ್ಬಳೇ ಹೋಗೋ ಧೈರ್ಯ ಇನ್ನೂ ಬಂದಿಲ್ಲ.

ಒಂದು ವಿಷಯ ನೀನು ಬರೆದೇ ಇಲ್ಲ. ಆ ಅಜ್ಜಿ ನಿಮಗೆ ಕುಡಿಯೋಕೆ ಏನಾದರೂ ಕೊಟ್ಟರಾ? ಕುಡಿದೆಯಾ? ಮರೆಯದೆ ಬರೆ.

ನಿನ್ನ ಅತ್ತೆ