ಅಪ್ಪನ ಬುಲೆಟ್ ಹೊರಡಿಸುವ ಮುಂಚೆ

ತಮ್ಮಾ,

ನೀನು ಮೊನ್ನೆ ಕಳಿಸಿದ ಫೋಟೋ ನೋಡಿದೆ. ಟ್ಯಾಂಕ್ ಉಜ್ಜಿ, ಸೀಟಿಗೆ ಹೊಸ ಕವರ್ ಹಾಕಿಸಿ, ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದೀಯ. ನನ್ನ ಅಣ್ಣ, ಅಂದರೆ ನಿಮ್ಮಪ್ಪ, ಇದ್ದಾಗ ಹೇಗಿತ್ತೋ ಹಾಗೇ ಕಂಡಿತು. ನನಗೂ ನಿಮ್ಮ ಚಿಗವ್ವಗೂ ಕಣ್ಣು ತುಂಬಿ ಬಂತು. ಸಂಕ್ರಾಂತಿಗೆ ಇಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಬೆಳಗಾವಿಯಿಂದ ಇದರ ಮೇಲೇ ಬರ್ತೀನಿ ಅಂದಿದ್ದೀಯ. ಬಾ, ನಾನು ಬೇಡ ಅನ್ನುವುದಿಲ್ಲ. ಆದರೆ ಹೊರಡುವ ಮುಂಚೆ ಇಂಜಿನ್ನಿನ ಐದಾರು ಸಾಮಾನು ಬದಲಿಸಲೇಬೇಕು. ಫೋನಿನಲ್ಲಿ ಇದೇ ಮಾತು ತೆಗೆದಾಗ ನೀನು, ಒಂದೇ ಕಿಕ್ಕಿಗೆ ಚಾಲೂ ಆಗುತ್ತೆ ಕಾಕಾ, ಚೆನ್ನಾಗಿರೋದನ್ನ ಯಾಕೆ ಬಿಚ್ಚಬೇಕು ಅಂದೆ. ಅದಕ್ಕೆ ಉತ್ತರ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಕೂತು ಬರೆಯುತ್ತಿದ್ದೇನೆ, ಸಮಾಧಾನವಾಗಿ ಓದು.

ನೀನು ಹುಟ್ಟುವ ಮುಂಚಿನ ಮಾತು. ಈ ಗಾಡಿಯ ಟೈಮಿಂಗ್ ಕವರಿನಿಂದ, ಅಂದರೆ ಇಂಜಿನ್ನಿನ ಬಲಬದಿಯ ಮುಚ್ಚಳದಿಂದ, ಆಯಿಲ್ ಸೋರುತ್ತಿತ್ತು. ಅಣ್ಣ ಒಂದು ಗ್ಯಾರೇಜಿಗೆ ಕೊಟ್ಟ. ಅವರು ಕವರ್ ಬಿಚ್ಚಿ, ಹೊಸ ಪ್ಯಾಕಿಂಗ್ ಹಾಕಿ, ಮುಚ್ಚಿ ಕೊಟ್ಟರು. ಸೋರುವುದು ನಿಂತಿತು. ಒಂದು ವಾರ ಗಾಡಿ ಬೆಣ್ಣೆ ಹಾಗೆ ಓಡಿತು. ಆಮೇಲೆ ನಾವಿಬ್ಬರೂ ಬಾಗಲಕೋಟೆಗೆ ಒಂದು ಮದುವೆಗೆ ಹೊರಟೆವು. ಕೊಲ್ಹಾರ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಕೆಳಗಿನಿಂದ ಸದ್ದು ಬಂತು, ಒಳಗೆ ಯಾರೋ ಕಲ್ಲಿನಿಂದ ಕುಟ್ಟಿದ ಹಾಗೆ. "ಟ್ಯಾಪೆಟ್ ಇರಬೇಕ್ ತಗೋ" ಅಂದ ಅಣ್ಣ. ಅವನ ಮಾತು ಮುಗಿಯುವಷ್ಟರಲ್ಲಿ ಇಂಜಿನ್ ಹಿಡಿದುಕೊಂಡುಬಿಟ್ಟಿತು, ಹಿಂದಿನ ಗಾಲಿ ಜಾರಿ ಗಾಡಿ ರಸ್ತೆ ಬದಿಗೆ ಹೋಗಿ ನಿಂತಿತು. ಎದುರಿಗೆ ಲಾರಿ ಬಂದಿದ್ದರೆ ಇವತ್ತು ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ಗಾಡಿಯನ್ನು ಬಿಸಿಲಿನಲ್ಲಿ ನೂಕಿಕೊಂಡು ಹೋದೆವು. ಮೊಸರಿನ ಗಡಿಗೆ ತುಂಬಿಕೊಂಡು ಹೊರಟಿದ್ದ ಒಂದು ಟೆಂಪೋದವರು ಕೊನೆಗೆ ಹತ್ತಿಸಿಕೊಂಡರು.

ಇಂಜಿನ್ ಇಳಿಸಿ ಬಿಚ್ಚಿದಾಗ ಬಿಗ್ ಎಂಡ್ ಬುಷ್, ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವಲ್ಲಿನ ಬಳೆ, ನೀಲಿಗಟ್ಟಿ ಪಿನ್ನಿಗೆ ಅಂಟಿಕೊಂಡಿತ್ತು. ಕಾರಣ ಹುಡುಕಿದರೆ ಸಿಕ್ಕಿದ್ದು ಒಂದು ಬೂಚಿನ ವಾಷರ್. ಬೆರಳ ತುದಿಯಷ್ಟಿಲ್ಲ. ಕವರ್ ಬಿಚ್ಚಿದವರು ಪ್ಯಾಕಿಂಗ್ ಹೊಸದು ಹಾಕಿದ್ದರು, ಇದನ್ನು ಮಾತ್ರ ಹಳೆಯದನ್ನೇ ಹಾಕಿದ್ದರು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದ್ದು ಇನ್ನೂ ನೆನಪಿದೆ. ಚಪ್ಪಟೆಯಾಗಿ, ಒಣಗಿದ ಹುಣಸೆ ಬೀಜದ ಹಾಗೆ ಗಟ್ಟಿಯಾಗಿತ್ತು. ಉಗುರು ಒತ್ತಿದರೆ ಗುರುತು ಕೂಡ ಬೀಳಲಿಲ್ಲ.

ಇದು ಏನು ಮಾಡುತ್ತೆ ಅಂತ ತಿಳಿದುಕೋ, ಆಗ ನನ್ನ ಹಟ ನಿನಗೆ ಅರ್ಥ ಆಗುತ್ತೆ. ಈ ಹಳೇ ಎರಕದ ಕಬ್ಬಿಣದ ಇಂಜಿನ್ನಿನಲ್ಲಿ ಪಂಪು ಆಯಿಲನ್ನು ಫಿಲ್ಟರ್ ಮೂಲಕ ನೂಕಿ, ಟೈಮಿಂಗ್ ಕವರಿನಿಂದ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ತುದಿಯಲ್ಲಿರುವ ತೂತಿಗೆ ಕಳಿಸುತ್ತೆ. ಕವರಿಗೂ ತಿರುಗುವ ಕ್ರ್ಯಾಂಕಿಗೂ ನಡುವೆ ಆ ಆಯಿಲನ್ನು ಸೋರದ ಹಾಗೆ ಹಿಡಿಯುವುದು ಈ ಬೂಚಿನ ವಾಷರ್ ಒಂದೇ, ಇದನ್ನೇ ಸೀಲ್ ಅನ್ನುವುದು. ಬಿಗ್ ಎಂಡಿನಲ್ಲಿ ಬಾಲ್ ಇಲ್ಲ, ರೋಲರ್ ಇಲ್ಲ. ಆಯಿಲಿನ ಮೇಲೆ ತೇಲುತ್ತಾ ತಿರುಗುವ ಒಂದು ಬುಷ್ ಅಷ್ಟೇ. ಆಯಿಲ್ ತಪ್ಪಿದರೆ ಅದಕ್ಕೆ ಬದುಕಿಲ್ಲ. ಸೀಲ್ ಸವೆದರೆ ಆಯಿಲ್ ಅಲ್ಲೇ ಪಕ್ಕಕ್ಕೆ ಚೆಲ್ಲಿ, ಸುಮ್ನೆ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗುತ್ತೆ. ಹೊರಗೆ ಒಂದು ಹನಿ ಸೋರುವುದಿಲ್ಲ. ಅಳತೆ ಕಡ್ಡಿ ಎತ್ತಿ ನೋಡಿದರೆ ಆಯಿಲ್ ಪೂರ್ತಿ ಇರುತ್ತೆ. ಮೇಲೆ ವಾಲ್ವ್ ಒತ್ತುವ ರಾಕರ್‌ಗೆ ಹೋಗುವ ಪೈಪಿನ ಬೋಲ್ಟ್ ಸಡಿಲಿಸಿದರೆ ಅಲ್ಲೂ ಆಯಿಲ್ ಬರುತ್ತೆ, ಯಾಕೆಂದರೆ ರಾಕರ್‌ಗೆ ಕೊಡುವುದು ವಾಪಸ್ ಎಳೆಯುವ ಇನ್ನೊಂದು ಪಂಪು. ಅದನ್ನು ನೋಡಿ ಎಷ್ಟೋ ಜನ ಆಯಿಲ್ ಚೆನ್ನಾಗಿ ಓಡಾಡ್ತಿದೆ ಅಂದುಕೊಳ್ಳುತ್ತಾರೆ. ಪ್ರೆಷರ್ ತೋರಿಸುವ ದೀಪವೂ ಈ ಗಾಡಿಗೆ ಇಲ್ಲ.

ಹಾಗಾಗಿ ನಾನು ಗಾಡಿಯ ಸಾಮಾನನ್ನು ಎರಡು ಪಾಲು ಮಾಡಿ ನೋಡುತ್ತೇನೆ. ಒಂದು, ಹೇಳಿ ಹೋಗುವುದು. ಚೈನು, ಕ್ಲಚ್ ಪ್ಲೇಟು, ಪಿಸ್ಟನ್ ರಿಂಗು, ಬ್ರೇಕ್ ಶೂ. ಇವು ತಿಂಗಳುಗಟ್ಟಲೆ ಸದ್ದು ಮಾಡಿ, ಹೊಗೆ ಬಿಟ್ಟು, ಜಾರಿ, ನಿನ್ನನ್ನು ಎಚ್ಚರಿಸುತ್ತವೆ. ಅವು ಹೇಳಿದಾಗ ಬದಲಿಸಿದರೆ ಸಾಕು. ಇನ್ನೊಂದು, ಹೇಳದೆ ಹೋಗುವುದು. ಇದರಲ್ಲಿ ಹೆಚ್ಚಿನವು ಅಗ್ಗದ ಸಾಮಾನು, ಹೋದರೆ ತಗುಲುವ ಖರ್ಚು ಮಾತ್ರ ದೊಡ್ಡದು. ಇವನ್ನು ಚೆನ್ನಾಗಿರುವಾಗಲೇ ಬದಲಿಸಬೇಕು. ನಿಮ್ಮ ಅಜ್ಜ ಮುಂಗಾರಿಗೆ ಮುಂಚೆ ಮಿಣಿ, ಹಗ್ಗ ಎಲ್ಲ ಹೊಸದು ಮಾಡಿಸುತ್ತಿದ್ದರು. ಹಳೆಯದು ಹರಿದಿರುತ್ತಿರಲಿಲ್ಲ. ಹದ ಸಿಕ್ಕ ಎರಡು ದಿನದಲ್ಲಿ ಬಿತ್ತಬೇಕಾದಾಗ ಹೊಲದ ನಡುವೆ ಅದು ಹರಿದರೆ ಏನು ಮಾಡುವುದು ಅಂತ ಅವರಿಗೆ ಗೊತ್ತಿತ್ತು.

ಈಗ ಕೆಲಸಕ್ಕೆ ಬಾ. ಅಣ್ಣ ಹೋದ ಮೇಲೆ ಮೂರು ವರ್ಷ ಗಾಡಿ ನಿಂತೇ ಇತ್ತು. ಹಾಗೆ ನಿಂತಾಗ ಆಯಿಲ್ ಮೆಲ್ಲಗೆ ಪಂಪಿನ ಸಂದಿನಿಂದ ಇಳಿದು ಕ್ರ್ಯಾಂಕ್ ಕೇಸಿನಲ್ಲಿ ತುಂಬಿಕೊಳ್ಳುತ್ತೆ. ನೀನು ಮೊದಲ ಸಲ ಚಾಲೂ ಮಾಡಿದಾಗ ಬಿಳಿ ಹೊಗೆ ಸಿಕ್ಕಾಪಟ್ಟೆ ಬಂತು ಅಂದೆಯಲ್ಲ, ಅದು ಇದೇ. ಮೊದಲು ಎಲ್ಲ ಡ್ರೈನ್ ಬೋಲ್ಟ್ ತೆಗೆದು ಹಳೇ ಆಯಿಲ್ ಪೂರ್ತಿ ಇಳಿಸು. ಆಮೇಲೆ ಟೈಮಿಂಗ್ ಕವರ್ ಬಿಚ್ಚಿಸಿ ಆ ಸೀಲ್ ಬದಲಿಸು. ಈಗ ರಬ್ಬರಿನಂಥ ನಿಯೋಪ್ರೀನ್ ಸೀಲ್ ಸಿಗುತ್ತೆ, ಬೂಚಿಗಿಂತ ಅದೇ ವಾಸಿ. ಬೂಚಿನದೇ ಸಿಕ್ಕರೆ ಹಾಕುವ ಮುಂಚೆ ಆಯಿಲಿನಲ್ಲಿ ನೆನೆಸು. ಒಳಗೆ ಕ್ರ್ಯಾಂಕಿನ ತುದಿಯಲ್ಲಿ ಆಯಿಲ್ ಪಂಪು ತಿರುಗಿಸುವ ವರ್ಮ್ ನಟ್ ಕಾಣುತ್ತೆ. ಅದು ಉಲ್ಟಾ ಥ್ರೆಡ್ಡಿನದು, ಸುಮ್ನೆ ಮುಟ್ಟಬೇಡಿ. ಹೊಸ ಪ್ಯಾಕಿಂಗ್ ಇಡುವಾಗ ಆಯಿಲಿನ ತೂತುಗಳು ಮುಚ್ಚದ ಹಾಗೆ ನೋಡಿಕೊಳ್ಳಿ. ಮೆಕ್ಯಾನಿಕ್ ಮುಚ್ಚುವ ಮುಂಚೆ ನಿನ್ನನ್ನು ಕರೆಯಲಿ, ಹೊಸ ಸೀಲ್ ಕೂತಿದ್ದನ್ನು ನೀನೇ ಕಣ್ಣಾರೆ ನೋಡು. ಅವನು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಆಯಿಲ್ ಫಿಲ್ಟರನ್ನೂ ಅವತ್ತೇ ಹಾಕಿಸು. ಅದರ ಸ್ಪ್ರಿಂಗ್, ವಾಷರ್‌ಗಳನ್ನು ತೆಗೆಯುವಾಗ ಒಂದೊಂದಾಗಿ ಬಟ್ಟೆ ಮೇಲೆ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆ. ಹಿಂದುಮುಂದಾದರೆ ಫಿಲ್ಟರೇ ಆಯಿಲಿಗೆ ಅಡ್ಡ ಆಗಿಬಿಡುತ್ತೆ. ಫಿಲ್ಟರ್ ಕೂರುವ ಗುಂಡಿಯಲ್ಲಿ ಆಯಿಲ್ ತುಂಬಿಸಿ ಮುಚ್ಚು. ಆಮೇಲೆ ಪ್ಲಗ್ ತೆಗೆದು ಮೂವತ್ತು ನಲವತ್ತು ಕಿಕ್ ಹೊಡೆ. ಕಾಲು ನೋಯುತ್ತೆ, ನೋಯಲಿ. ಖಾಲಿ ದಾರಿಯಲ್ಲಿ ಆಯಿಲ್ ಬಿಗ್ ಎಂಡ್ ತನಕ ಹೋಗಿ ಮುಟ್ಟಬೇಕು, ಅಲ್ಲಿಯವರೆಗೆ ಇಂಜಿನ್ ಚಾಲೂ ಮಾಡಬಾರದು.

ಇಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ತುದಿಯಲ್ಲಿ ಬಾತುಕೋಳಿ ಕೊಕ್ಕಿನ ಹಾಗಿರುವ ರಬ್ಬರ್ ಇದೆ. ಗಾಳಿ ಹೊರಗೆ ಬಿಟ್ಟು ಒಳಗೆ ಬಿಡದಿರುವುದು ಅದರ ಕೆಲಸ. ವಯಸ್ಸಾದರೆ ಅದು ಗಟ್ಟಿಯಾಗುತ್ತೆ. ಆಗ ಒಳಗಿನ ಒತ್ತಡ ಇದ್ದ ಬದ್ದ ಸಂದಿಯಿಂದೆಲ್ಲ ಆಯಿಲ್ ಹೊರಗೆ ನೂಕುತ್ತೆ, ಜನ ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಬದಲಿಸುತ್ತಾ ಕೂರುತ್ತಾರೆ. ಪ್ಲಗ್ಗಿಗೆ ಕಿಡಿ ಬರಿಸುವ ಪಾಯಿಂಟ್, ಕಂಡೆನ್ಸರ್ ಎರಡೂ ಹೊಸದು ಹಾಕು. ಕಂಡೆನ್ಸರ್ ತಣ್ಣಗಿದ್ದಾಗ ಸರಿಯಾಗಿದ್ದು, ಬಿಸಿಯಾದಾಗ ಕೈ ಕೊಡುತ್ತೆ, ಅರ್ಧ ಗಂಟೆ ನಿಂತರೆ ಮತ್ತೆ ಚಾಲೂ ಆಗಿ ನಿನ್ನನ್ನು ಮುಂದಿನ ಊರಿನ ತನಕ ಮೋಸ ಮಾಡುತ್ತೆ. ಪೆಟ್ರೋಲ್ ಪೈಪು, ಕ್ಲಚ್ ಕೇಬಲ್ಲು ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎರಡೂ ಹೊಸದು ಹಾಕಿಸು. ಹಳೇ ಕೇಬಲ್ ಚೆನ್ನಾಗಿದ್ದರೆ ಎಸೆಯಬೇಡ, ಟೂಲ್ ಬಾಕ್ಸಿನಲ್ಲಿ ಇಡು.

ಟ್ಯಾಪೆಟ್, ಅಂದರೆ ವಾಲ್ವ್ ಎತ್ತುವ ರಾಡುಗಳ ಸಂದು, ಮಾತ್ರ ನೀನೇ ನೋಡು, ಯಾರಿಗೂ ಬಿಡಬೇಡ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಬಲಗಡೆಯ ಚಿಕ್ಕ ಕವರ್ ತೆಗೆ. ಕಂಪ್ರೆಷನ್ ಮೇಲೆ ಪಿಸ್ಟನ್ ತುದಿಗೆ ತಂದು, ಎರಡು ಪುಶ್ ರಾಡನ್ನೂ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಗಿಸು. ಊದಿನಕಡ್ಡಿ ಹೊರಳಿಸಿದಷ್ಟು ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಅಣ್ಣ ಕಣ್ಣು ಮುಚ್ಚಿಕೊಂಡು ಇದನ್ನು ಮಾಡುತ್ತಿದ್ದ. ಕಣ್ಣು ಮುಚ್ಚಿದರೆ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತೆ ಅನ್ನುತ್ತಿದ್ದ.

ಇಷ್ಟು ಬಿಟ್ಟು ಬೇರೆ ಏನನ್ನೂ ಬಿಚ್ಚಿಸಬೇಡ. ಇಂಜಿನ್ ಬಿಚ್ಚಿದ್ದೇ ಆಯಿತು, ಪಿಸ್ಟನ್ನೂ ಬದಲಿಸಿಬಿಡೋಣ, ಬೋರ್ ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಹೊಗೆ ಇಲ್ಲ, ಕಂಪ್ರೆಷನ್ ಇದೆ, ಸದ್ದು ಇಲ್ಲ ಅಂದರೆ ಪಿಸ್ಟನ್ ತನ್ನ ಪಾಡಿಗೆ ಇರಲಿ.

ಕೆಲಸ ಆದ ಮೇಲೆ ನೇರವಾಗಿ ಇಲ್ಲಿಗೆ ಹೊರಡಬೇಡ. ಒಂದು ಭಾನುವಾರ ಖಾನಾಪುರದ ತನಕ ಹೋಗಿ ಬಾ, ಇನ್ನೊಂದು ಭಾನುವಾರ ಗೋಕಾಕ್. ವಾಪಸ್ ಬಂದು ಬೋಲ್ಟು, ಟ್ಯಾಪೆಟ್, ಆಯಿಲ್ ಮತ್ತೆ ನೋಡು. ಬರುವಾಗ ಮುಧೋಳ ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲು ಸಾಲಾಗಿ ಇರುತ್ತವೆ, ಕಾರ್ಖಾನೆ ನಡೆಯುವ ಕಾಲ. ಎರಡೆರಡು ಟ್ರೇಲರ್ ಹಿಂದೆ ಫಸ್ಟು ಸೆಕೆಂಡಿನಲ್ಲಿ ತೆವಳುತ್ತಾ ಇಂಜಿನ್ ಕುದಿಸಬೇಡ. ಪಕ್ಕಕ್ಕೆ ನಿಲ್ಲಿಸಿ ಚಹಾ ಕುಡಿ. ಕತ್ತಲಾಗುವ ಮುಂಚೆ ಮನೆ ಸೇರಬೇಕು, ಆ ಟ್ರೇಲರ್‌ಗಳಿಗೆ ಹಿಂದೆ ದೀಪ ಇರುವುದೇ ಅಪರೂಪ.

ಎರಡು ಸೀಲು, ಒಂದು ಕಂಡೆನ್ಸರ್, ಬ್ರೀದರ್ ರಬ್ಬರ್ ನನ್ನ ಹತ್ತಿರ ಇದ್ದವು. ನಾಳೆ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತೇನೆ. ಅದರ ಜೊತೆ ಅಣ್ಣನ ನೋಟ್‌ಬುಕ್ಕೂ ಇದೆ. ಯಾವ ತಾರೀಖಿಗೆ ಎಷ್ಟು ಕಿಲೋಮೀಟರಿಗೆ ಏನು ಬದಲಿಸಿದ ಅಂತ ಎಲ್ಲ ಬರೆದಿಟ್ಟಿದ್ದಾನೆ. ಕೊನೆಯ ಹದಿನೈದು ಹಾಳೆ ಖಾಲಿ ಇವೆ, ನಿನ್ನದನ್ನು ಅಲ್ಲಿಂದ ಬರೆ. ಕವರ್ ಬಿಚ್ಚುವ ದಿನ ಮುಂಚೆಯೇ ಹೇಳು, ಆಗುವುದಾದರೆ ನಾನೇ ಬೆಳಗಾವಿಗೆ ಬಂದು ಪಕ್ಕದಲ್ಲಿ ಕೂರುತ್ತೇನೆ. ಚಿಗವ್ವ ಸಜ್ಜೆ ರೊಟ್ಟಿಗೆ ಎಳ್ಳು ತೆಗೆದಿಟ್ಟಿದ್ದಾಳೆ.

ನಿನ್ನ ಕಾಕಾ
ವಿಜಯಪುರ